ಬ್ಯಾಕಪ್ ಇದೆ, ಡೇಟಾ ಮರಳಿ ಬರುತ್ತದೆಯೇ? ಡೇಟಾಬೇಸ್ ರಿಸ್ಟೋರ್ ದೋಷ ನಿವಾರಣೆ ಕೈಪಿಡಿ

ನಾಲ್ಕು ವರ್ಷದ ಹಿಂದೆ ಒಂದು ಪತ್ತಿನ ಸಹಕಾರ ಸಂಘದಿಂದ ಬೆಳಿಗ್ಗೆ ಏಳೂವರೆಗೆ ಫೋನ್ ಬಂತು. ರಾತ್ರಿ ಯುಪಿಎಸ್ ಕೈಕೊಟ್ಟು ಸರ್ವರಿನ ಡಿಸ್ಕ್ ಹೋಗಿತ್ತು. "ಗಾಬರಿ ಏನಿಲ್ಲ ಸರ್, ದಿನಾ ಬ್ಯಾಕಪ್ ಆಗುತ್ತೆ. ನೀವು ಬಂದು ಹಾಕಿಕೊಟ್ಟರೆ ಸಾಕು" ಎಂದರು ಕಾರ್ಯದರ್ಶಿ. ಹೋಗಿ ನೋಡಿದೆ. ಹೊರಗಿನ ಹಾರ್ಡ್‌ಡಿಸ್ಕಿನಲ್ಲಿ ದಿನಕ್ಕೊಂದರಂತೆ ಫೈಲುಗಳು ತಾರೀಖಿನ ಸಮೇತ ಸಾಲಾಗಿ ಕೂತಿದ್ದವು. ಕಳೆದ ಏಳು ತಿಂಗಳ ಫೈಲುಗಳೆಲ್ಲ ತಲಾ 20 ಬೈಟ್. ಕಾಗದದ ವೋಚರುಗಳನ್ನು ಕಟ್ಟಿನಿಂದ ಬಿಚ್ಚಿ, ಏಳು ತಿಂಗಳ ಠೇವಣಿ ಮತ್ತು ಸಾಲದ ಕಂತುಗಳನ್ನು ಮತ್ತೆ ಕಂಪ್ಯೂಟರಿಗೆ ಏರಿಸಲು ಮೂವರು ಗುಮಾಸ್ತರಿಗೆ ಐದು ವಾರ ಹಿಡಿಯಿತು.

ಅವತ್ತಿನಿಂದ ನಾನು "ಬ್ಯಾಕಪ್ ಆಗಿದೆ" ಎಂಬ ಮಾತನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. "ಕೊನೆಯ ಸಲ ರಿಸ್ಟೋರ್ ಮಾಡಿ ನೋಡಿದ್ದು ಯಾವಾಗ?" ಎಂದೇ ಕೇಳುತ್ತೇನೆ. ಹಾಗೆ ಬ್ಯಾಕಪ್ಪಿನಿಂದ ಡೇಟಾವನ್ನು ಮರಳಿ ಏರಿಸಿ ನೋಡುವಾಗ ಎದುರಾಗುವ ತೊಂದರೆಗಳನ್ನು ಕಣ್ಣಿಗೆ ಬೀಳುವ ಲಕ್ಷಣದ ಮೇಲೆ ಇಲ್ಲಿ ಬರೆದಿದ್ದೇನೆ. ಐದು ನಿಮಿಷದ, ಖರ್ಚಿಲ್ಲದ ಪರೀಕ್ಷೆಗಳು ಮೊದಲು, ಇಡೀ ದಿನ ಬೇಡುವವು ಆಮೇಲೆ. ನಮ್ಮ ಕಡೆಯ ಸಣ್ಣ ಕಚೇರಿ, ಆಸ್ಪತ್ರೆ, ಅಂಗಡಿಗಳಲ್ಲಿ ಹೆಚ್ಚಾಗಿ ಇರುವುದು ಮೈಎಸ್‌ಕ್ಯೂಎಲ್, ಮರಿಯಾಡಿಬಿ ಮತ್ತು ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸ್ ತಂತ್ರಾಂಶಗಳು. ಹಾಗಾಗಿ ಉದಾಹರಣೆಗಳೂ ಅವುಗಳದ್ದೇ.

ಕೈ ಹಾಕುವ ಮುನ್ನ

ಪರೀಕ್ಷೆಯ ರಿಸ್ಟೋರನ್ನು ಕೆಲಸ ನಡೆಯುತ್ತಿರುವ ಸರ್ವರಿನ ಮೇಲೆ ಯಾವ ಕಾರಣಕ್ಕೂ ಮಾಡಬೇಡಿ. ಮೂಲೆಗೆ ಬಿದ್ದ ಹಳೆಯ ಡೆಸ್ಕ್‌ಟಾಪ್ ಆಗಲಿ, ಗಂಟೆ ಲೆಕ್ಕದ ಕ್ಲೌಡ್ ಯಂತ್ರವಾಗಲಿ, ಬೇರೆಯದೇ ಒಂದು ಯಂತ್ರ ಬೇಕು. ಡೇಟಾಬೇಸಿನಲ್ಲಿರುವುದನ್ನು ಒಂದು ಫೈಲಿಗೆ ಇಳಿಸುವುದಕ್ಕೆ ಡಂಪ್ ಎನ್ನುತ್ತಾರೆ. ಮೈಎಸ್‌ಕ್ಯೂಎಲ್‌ಡಂಪ್ ಎಂಬ ಉಪಕರಣ ಬರೆಯುವ ಫೈಲಿನಲ್ಲಿ ಪ್ರತಿ ಟೇಬಲಿನ ಮುಂಚೆ "ಈ ಹೆಸರಿನ ಟೇಬಲ್ ಇದ್ದರೆ ಅಳಿಸು" ಎಂಬ ಆಜ್ಞೆ ತಾನಾಗಿಯೇ ಇರುತ್ತದೆ. ಅದಕ್ಕಿಂತ ಅಪಾಯದ್ದು ಇನ್ನೊಂದಿದೆ: "ಡೇಟಾಬೇಸಸ್" ಎಂಬ ಆಯ್ಕೆ ಕೊಟ್ಟು ತೆಗೆದ ಡಂಪಿನೊಳಗೆ ಮೂಲ ಡೇಟಾಬೇಸಿನ ಹೆಸರು "ಯೂಸ್" ಸಾಲಿನಲ್ಲಿ ಬರೆದಿರುತ್ತದೆ. ನೀವು "ಟೆಸ್ಟ್" ಎಂಬ ಡೇಟಾಬೇಸಿಗೆ ಹಾಕುತ್ತಿದ್ದೇನೆ ಎಂದುಕೊಂಡು ಎಂಟರ್ ಒತ್ತಿದರೂ ಅದು ನೆಟ್ಟಗೆ ಮೂಲದ ಮೇಲೆ ಹೋಗಿ ಕೂರುತ್ತದೆ. ಮೊದಲ ನಲವತ್ತು ಸಾಲು ತೆರೆದು ಓದಿಕೊಂಡೇ ಮುಂದುವರಿಯಿರಿ.

ಬ್ಯಾಕಪ್ ಫೈಲಿನ ಒಂದು ಪ್ರತಿ ತೆಗೆದು ಆ ಪ್ರತಿಯ ಮೇಲೆ ಕೆಲಸ ಮಾಡಿ. ಮೂಲ ಫೈಲನ್ನು ಓದಲು ಮಾತ್ರ ಬಿಟ್ಟಿರಿ. ಪರೀಕ್ಷೆಯ ಯಂತ್ರದಲ್ಲಿ ತಂತ್ರಾಂಶವನ್ನೂ ಏರಿಸುವುದಾದರೆ ಎಸ್ಸೆಮ್ಮೆಸ್, ಮೇಲ್, ಪಾವತಿಯ ಸಂಪರ್ಕಗಳನ್ನು ಮೊದಲು ಕಡಿದುಹಾಕಿ. ಇಲ್ಲದಿದ್ದರೆ ಮೂರು ತಿಂಗಳ ಹಿಂದಿನ "ನಿಮ್ಮ ಕಂತು ಬಾಕಿ ಇದೆ" ಎಂಬ ಸಂದೇಶ ಸದಸ್ಯರಿಗೆಲ್ಲ ಮತ್ತೆ ಹೋಗುತ್ತದೆ. ಆ ಯಂತ್ರದಲ್ಲಿ ಕೂತಿರುವುದು ಜನರ ನಿಜವಾದ ಫೋನ್ ನಂಬರು, ನಿಜವಾದ ಖಾತೆ. ಪರೀಕ್ಷೆ ಮುಗಿದ ದಿನವೇ ಅಳಿಸಿಬಿಡಿ.

ಇನ್ನು, ಯಾವ ಯಂತ್ರದ ಮುಂದೆ ಕೂತಿದ್ದೇವೆ ಎನ್ನುವುದು. 2017ರ ಜನವರಿ 31ರ ರಾತ್ರಿ ತಂತ್ರಾಂಶದ ಕೋಡ್ ಇಡುವ ಸೇವೆ ಕೊಡುವ ಗಿಟ್‌ಲ್ಯಾಬ್ ಕಂಪನಿಯ ಎಂಜಿನಿಯರ್ ಒಬ್ಬರು ಎರಡನೇ ಸರ್ವರಿನಲ್ಲಿದ್ದೇನೆ ಎಂದುಕೊಂಡು ಮುಖ್ಯ ಸರ್ವರಿನ ಡೇಟಾ ಫೋಲ್ಡರನ್ನೇ ಅಳಿಸಿದರು. ತಪ್ಪು ಹೊಳೆದು ಒಂದೆರಡು ಸೆಕೆಂಡಿನಲ್ಲಿ ನಿಲ್ಲಿಸಿದರೂ ಸುಮಾರು 300 ಜಿಬಿಯಲ್ಲಿ ಉಳಿದಿದ್ದು ನಾಲ್ಕೂವರೆ ಜಿಬಿ. ತಡರಾತ್ರಿ, ದಣಿದ ಕೈಯಲ್ಲಿ ಯಾರಿಗಾದರೂ ಆಗಬಹುದಾದ ತಪ್ಪು ಅದು. ಲೈವ್ ಸರ್ವರಿನ ಟರ್ಮಿನಲ್ಲಿಗೆ ಕೆಂಪು ಬಣ್ಣ ಕೊಡಿ, ಅಳಿಸುವ ಆಜ್ಞೆಗೆ ಮುಂಚೆ ಯಂತ್ರದ ಹೆಸರನ್ನು ಬಾಯಿಬಿಟ್ಟು ಓದಿ.

ಲಕ್ಷಣ: ಫೈಲ್ ಇದೆ, ಆದರೆ ಸೈಜ್ ನೋಡಿದರೆ ಅನುಮಾನ ಬರುತ್ತದೆ

ಇದು ಒಂದು ಪೈಸೆ ಖರ್ಚಿಲ್ಲದ ಪರೀಕ್ಷೆ. ಕಳೆದ ಮೂವತ್ತು ದಿನದ ಫೈಲುಗಳನ್ನು ಸೈಜಿನ ಸಮೇತ ಒಂದರ ಕೆಳಗೊಂದು ಇಟ್ಟು ನೋಡಿ. ವ್ಯವಹಾರ ನಡೆಯುವ ಡೇಟಾಬೇಸ್ ದಿನದಿನಕ್ಕೂ ತುಸುತುಸು ಬೆಳೆಯಬೇಕು. ಹತ್ತು ದಿನ ಒಂದೇ ಬೈಟ್ ವ್ಯತ್ಯಾಸವಿಲ್ಲದೆ ನಿಂತಿದ್ದರೆ ಹಳೆಯದನ್ನೇ ಮತ್ತೆ ಮತ್ತೆ ನಕಲು ಮಾಡುತ್ತಿದೆ ಎಂದರ್ಥ. ಒಂದು ದಿನ ಇದ್ದಕ್ಕಿದ್ದಂತೆ ಅರ್ಧಕ್ಕೆ ಇಳಿದಿದ್ದರೆ ಡಂಪ್ ನಡುವೆ ತುಂಡಾಗಿದೆ, ಇಲ್ಲವೇ ಯಾರೋ ಒಂದು ದೊಡ್ಡ ಟೇಬಲನ್ನು ಅಳಿಸಿದ್ದಾರೆ. ಎರಡೂ ಅವತ್ತೇ ಗೊತ್ತಾಗಬೇಕಾದ ಸಂಗತಿ.

ಸರಿಯಾಗಿ 20 ಬೈಟ್ ಇದ್ದರೆ ಹುಡುಕಾಟವೇ ಬೇಡ. ಒಂದು ಆಜ್ಞೆಯ ಫಲವನ್ನು ಮುಂದಿನದಕ್ಕೆ ಉಣಿಸುವ ಪೈಪಿನಲ್ಲಿ, ಏನನ್ನೂ ತುಂಬದೆ, ಫೈಲ್ ಕುಗ್ಗಿಸುವ ಜಿಜಿಪ್ ಓಡಿಸಿದರೆ ಸಿಗುವ ಖಾಲಿ ಪೊಟ್ಟಣದ ತೂಕವೇ ಅದು. ಆ ಸಂಘದಲ್ಲಿ ಆಗಿದ್ದೂ ಇದೇ. ಯಾರೋ ಡೇಟಾಬೇಸಿನ ಪಾಸ್‌ವರ್ಡ್ ಬದಲಿಸಿದ್ದರು, ಬ್ಯಾಕಪ್ ಸ್ಕ್ರಿಪ್ಟಿನಲ್ಲಿ ಹಳೆಯದೇ ಉಳಿದಿತ್ತು. ಡಂಪ್ ಆಜ್ಞೆ ಒಳಗೆ ಹೋಗಲಾಗದೆ ಸೋತಿತು, ಅದರ ಮುಂದಿನ ಜಿಜಿಪ್ ಮಾತ್ರ ಖಾಲಿಯನ್ನೇ ನೀಟಾಗಿ ಕಟ್ಟಿ "ಆಯಿತು" ಎಂದಿತು. ಪೈಪಿನಲ್ಲಿ ಎರಡು ಆಜ್ಞೆ ಜೋಡಿಸಿದಾಗ ಶೆಲ್ ನೋಡುವುದು ಕೊನೆಯ ಆಜ್ಞೆಯ ಫಲಿತಾಂಶವನ್ನು ಮಾತ್ರ. ಸ್ಕ್ರಿಪ್ಟಿನ ತಲೆಯಲ್ಲಿ "ಸೆಟ್ ಮೈನಸ್ ಓ ಪೈಪ್‌ಫೇಲ್" ಎಂಬ ಒಂದು ಸಾಲು ಇದ್ದಿದ್ದರೆ ಮೊದಲ ರಾತ್ರಿಯೇ ತಪ್ಪು ಹೊರಬೀಳುತ್ತಿತ್ತು. ನಾನು ಈಗ ಎಲ್ಲಿ ಹೋದರೂ ಮೊದಲು ಹುಡುಕುವುದು ಆ ಸಾಲನ್ನೇ.

ಲಕ್ಷಣ: ಕೈಯಾರೆ ಓಡಿಸಿದರೆ ಬ್ಯಾಕಪ್ ಆಗುತ್ತದೆ, ರಾತ್ರಿ ತಾನಾಗಿ ಆಗುವುದಿಲ್ಲ

ಲಿನಕ್ಸಿನಲ್ಲಾದರೆ, ಹೇಳಿದ ಹೊತ್ತಿಗೆ ಕೆಲಸ ಓಡಿಸುವ ಕ್ರಾನ್ ಸಾಲನ್ನು ತೆರೆಯಿರಿ. ಫೈಲ್ ಹೆಸರಿನಲ್ಲಿ ತಾರೀಖು ಬರಲೆಂದು ಶೇಕಡಾ ಚಿಹ್ನೆ ಹಾಕಿದ್ದೀರಾ? ಕ್ರಾನ್ ಅದನ್ನು ಹೊಸ ಸಾಲಿನ ಗುರುತೆಂದು ಓದುತ್ತದೆ, ಆಜ್ಞೆ ಅಲ್ಲಿಗೇ ತುಂಡಾಗುತ್ತದೆ. ಚಿಹ್ನೆಗೆ ಮುಂಚೆ ಒಂದು ಬ್ಯಾಕ್‌ಸ್ಲ್ಯಾಶ್ ಬೇಕು. ಅಥವಾ ಇಡೀ ಕೆಲಸವನ್ನು ಸ್ಕ್ರಿಪ್ಟ್ ಫೈಲಿಗೆ ಹಾಕಿ ಕ್ರಾನಿನಿಂದ ಅದನ್ನು ಮಾತ್ರ ಕರೆಯಿರಿ. ಕ್ರಾನಿಗೆ ಸಿಗುವ ಪಾತ್, ಅಂದರೆ ಆಜ್ಞೆಗಳನ್ನು ಹುಡುಕುವ ಫೋಲ್ಡರುಗಳ ಪಟ್ಟಿ, ಕೂಡ ತುಂಬ ಚಿಕ್ಕದು. ನಿಮ್ಮ ಟರ್ಮಿನಲ್ಲಿಗೆ ಸಿಗುವ ಪಿಜಿ_ಡಂಪ್ (ಪೋಸ್ಟ್‌ಗ್ರೆಸ್ಸಿನ ಡಂಪ್ ಆಜ್ಞೆ) ಅದಕ್ಕೆ ಸಿಗದೆ ಇರಬಹುದು, ಅಥವಾ ಬೇರೆ ಫೋಲ್ಡರಿನ ಹಳೆಯ ಆವೃತ್ತಿ ಸಿಗಬಹುದು. ಆಜ್ಞೆಯ ಪೂರ್ತಿ ದಾರಿ ಬರೆದರೆ ಎರಡೂ ಬಗೆಹರಿಯುತ್ತವೆ.

ಹಳೆಯ ಆವೃತ್ತಿ ಸಿಕ್ಕರೆ ಏನಾಗುತ್ತದೆ ಎನ್ನುವುದಕ್ಕೆ ಗಿಟ್‌ಲ್ಯಾಬ್ ಪ್ರಕರಣವೇ ಸಾಕ್ಷಿ. ಅಂದು ಅವರು ದಿನನಿತ್ಯದ ಡಂಪ್ ಹುಡುಕಿ ಹೋದಾಗ ಅಲ್ಲಿ ಏನೂ ಇರಲಿಲ್ಲ. ಡೇಟಾಬೇಸ್ ಇದ್ದದ್ದು ಪೋಸ್ಟ್‌ಗ್ರೆಸ್ 9.6ರಲ್ಲಿ, ಓಡುತ್ತಿದ್ದ ಪಿಜಿ_ಡಂಪ್ 9.2ರದ್ದು. ತನಗಿಂತ ಹೊಸ ಸರ್ವರನ್ನು ಪಿಜಿ_ಡಂಪ್ ಮುಟ್ಟುವುದಿಲ್ಲ, ತಪ್ಪು ಹೇಳಿ ನಿಲ್ಲುತ್ತದೆ. ಆ ತಪ್ಪಿನ ಮೇಲ್ ಹೊರಟಿತ್ತು ಕೂಡ, ಆದರೆ ಮೇಲ್ ಅಸಲಿ ಎಂದು ತೋರಿಸುವ ಡಿಮಾರ್ಕ್ ಸಹಿ ಇಲ್ಲವೆಂದು ಮೇಲ್ ಸರ್ವರ್ ಅದನ್ನು ತಿರಸ್ಕರಿಸುತ್ತಿತ್ತು. ಯಾರ ಕಣ್ಣಿಗೂ ಬೀಳಲಿಲ್ಲ. ಕೊನೆಗೆ ಕೈ ಹಿಡಿದದ್ದು ಬೇರೊಂದು ಕೆಲಸಕ್ಕೆಂದು ಆರು ಗಂಟೆ ಮೊದಲು ಒಬ್ಬರು ಕೈಯಾರೆ ತೆಗೆದಿದ್ದ ಡಿಸ್ಕ್ ಸ್ನ್ಯಾಪ್‌ಶಾಟ್, ಅಂದರೆ ಆ ಕ್ಷಣದ ಡಿಸ್ಕಿನ ಪ್ರತಿ. ಆ ಆರು ಗಂಟೆಯಲ್ಲಿ ಬರೆದದ್ದು ಹೋಯಿತು: ಸುಮಾರು 5,000 ಪ್ರಾಜೆಕ್ಟು, 5,000 ಕಾಮೆಂಟು, 700 ಹೊಸ ಬಳಕೆದಾರರು.

ಹಾಗಾಗಿ ಸೋತಾಗ ಮಾತ್ರ ಮೇಲ್ ಬರುವ ವ್ಯವಸ್ಥೆಯನ್ನು ನೆಚ್ಚಿಕೊಳ್ಳಬೇಡಿ. ಗೆದ್ದಾಗ ದಿನಾ ಒಂದು ಸಂದೇಶ ಬರಲಿ, ಅದರಲ್ಲಿ ಫೈಲಿನ ಸೈಜ್ ಇರಲಿ, ಬೆಳಿಗ್ಗೆ ಬಾರದಿದ್ದರೆ ಎದ್ದು ಹೋಗಿ ನೋಡುವ ಹೊಣೆ ಒಬ್ಬರ ಹೆಸರಿಗಿರಲಿ.

ಲಕ್ಷಣ: ಫೈಲ್ ಬಿಚ್ಚುವಾಗ ಅರ್ಧಕ್ಕೆ ನಿಲ್ಲುತ್ತದೆ

"ಅನೆಕ್ಸ್‌ಪೆಕ್ಟೆಡ್ ಎಂಡ್ ಆಫ್ ಫೈಲ್" ಎಂಬ ಮಾತು ಕಂಡರೆ ಫೈಲಿನ ಬಾಲ ಕಡಿದುಹೋಗಿದೆ. ಬಹುಪಾಲು ಕಾರಣ ಎರಡೇ: ಬ್ಯಾಕಪ್ ಬರೆಯುವಾಗ ಡಿಸ್ಕ್ ತುಂಬಿದ್ದು, ಇಲ್ಲವೇ ಬೇರೆಡೆಗೆ ಕಳಿಸುವಾಗ ನೆಟ್ ಹೋಗಿದ್ದು. ಜಿಜಿಪ್‌ಗೆ "ಮೈನಸ್ ಟಿ" ಕೊಟ್ಟರೆ ಬಿಚ್ಚದೆಯೇ ಒಳಗಿನದು ಪೂರ್ತಿ ಇದೆಯೇ ಎಂದು ಹೇಳುತ್ತದೆ.

ಅದು ಪಾಸಾದರೂ ಇನ್ನೊಂದು ಬಾಕಿ ಇದೆ. ಡಂಪಿನ ಕೊನೆಯ ಐದು ಸಾಲು ಓದಿ. ಸರಿಯಾಗಿ ಮುಗಿದ ಮೈಎಸ್‌ಕ್ಯೂಎಲ್ ಡಂಪಿನ ಕೊನೆಗೆ "ಡಂಪ್ ಕಂಪ್ಲೀಟೆಡ್" ಎಂದು ತಾರೀಖು ಸಮೇತ ಇರುತ್ತದೆ, ಪೋಸ್ಟ್‌ಗ್ರೆಸ್ಸಿನ ಪಠ್ಯ ಡಂಪಿನಲ್ಲಿ "ಡೇಟಾಬೇಸ್ ಡಂಪ್ ಕಂಪ್ಲೀಟ್" ಎಂದಿರುತ್ತದೆ. ಆ ಸಾಲು ಇಲ್ಲದಿದ್ದರೆ ಪೊಟ್ಟಣ ಗಟ್ಟಿಯಾಗಿದ್ದರೂ ಒಳಗಿನ ಸರಕು ಅರ್ಧವೇ. ಪೋಸ್ಟ್‌ಗ್ರೆಸ್ಸಿನ ಕಸ್ಟಮ್ ರೂಪದ ಡಂಪ್ ಆದರೆ ಪಿಜಿ_ರಿಸ್ಟೋರ್‌ಗೆ "ಮೈನಸ್ ಎಲ್" (ಸಣ್ಣ ಅಕ್ಷರದ್ದು) ಕೊಟ್ಟು ಒಳಗಿನ ಪಟ್ಟಿ ನೋಡಬಹುದು. ಆದರೆ ಪಟ್ಟಿ ಬಂದ ಮಾತ್ರಕ್ಕೆ ಡೇಟಾ ಗಟ್ಟಿ ಎಂದು ತಿಳಿಯಬೇಡಿ, ಪಟ್ಟಿ ಫೈಲಿನ ಮುಂಭಾಗದಲ್ಲಿರುತ್ತದೆ.

ಕಳಿಸುವ ಮೊದಲು ಮತ್ತು ತಲುಪಿದ ಮೇಲೆ ಚೆಕ್‌ಸಮ್ (ಫೈಲಿನ ಒಳಗಿನದರಿಂದ ಲೆಕ್ಕ ಹಾಕಿದ ಗುರುತು ಸಂಖ್ಯೆ) ತೆಗೆದು ಹೋಲಿಸುವುದನ್ನು ರೂಢಿ ಮಾಡಿಕೊಳ್ಳಿ. ಪೋಸ್ಟ್‌ಗ್ರೆಸ್ 13ರಿಂದ, ಡೇಟಾ ಫೋಲ್ಡರನ್ನೇ ಸರಿಯಾಗಿ ನಕಲು ಮಾಡುವ ಪಿಜಿ_ಬೇಸ್‌ಬ್ಯಾಕಪ್ ತೆಗೆದ ಪ್ರತಿಗೆ ಪಿಜಿ_ವೆರಿಫೈಬ್ಯಾಕಪ್ ಎಂಬ ಉಪಕರಣವೇ ಇದೆ. ಫೈಲುಗಳು ಬದಲಾಗಿಲ್ಲ ಎಂದು ಅದು ಹೇಳುತ್ತದೆ, ಡೇಟಾಬೇಸ್ ಎದ್ದು ಕೂರುತ್ತದೆ ಎಂದು ಹೇಳುವುದಿಲ್ಲ.

ಇಲ್ಲಿ ನಿಲ್ಲಬೇಕಾದ ಒಂದು ಜಾಗವಿದೆ. ಡಂಪ್ ತೆಗೆಯುವಾಗಲೇ "ಇನ್‌ವ್ಯಾಲಿಡ್ ಪೇಜ್" ಎಂಬ ತಪ್ಪು ಬಂದರೆ, ಅಥವಾ ಡಿಸ್ಕಿನಿಂದ ಟಿಕ್ ಟಿಕ್ ಸದ್ದು ಬರುತ್ತಿದ್ದರೆ, ಕೆಟ್ಟಿರುವುದು ಮೂಲವೇ. ಹಳೆಯ ಬ್ಯಾಕಪ್‌ಗಳನ್ನು ತಾನಾಗಿ ಅಳಿಸುವ ಕೆಲಸವನ್ನು ಮೊದಲು ನಿಲ್ಲಿಸಿ. ಪೋಸ್ಟ್‌ಗ್ರೆಸ್ಸಿನಲ್ಲಿ ಪಿಜಿ_ರಿಸೆಟ್‌ವಾಲ್ ಓಡಿಸುವುದು, ಮೈಎಸ್‌ಕ್ಯೂಎಲ್‌ನಲ್ಲಿ ಇನ್ನೋಡಿಬಿ ಫೋರ್ಸ್ ರಿಕವರಿಯನ್ನು 4 ಅಥವಾ ಅದಕ್ಕಿಂತ ಮೇಲೆ ಏರಿಸುವುದು, ಇವೆಲ್ಲ ಡೇಟಾವನ್ನು ಶಾಶ್ವತವಾಗಿ ಕೆಡಿಸಬಲ್ಲವು. ಯಂತ್ರ ಆಫ್ ಮಾಡಿ, ಡಿಸ್ಕಿನ ಪೂರ್ತಿ ಪ್ರತಿ ತೆಗೆಸಿ, ಬಲ್ಲವರನ್ನು ಕರೆಯಿರಿ. ಸದ್ದು ಮಾಡುವ ಡಿಸ್ಕಿನ ಪ್ರತಿಯನ್ನು ನೀವೇ ತೆಗೆಯಲು ಹೋಗಬೇಡಿ, ಡೇಟಾ ರಿಕವರಿ ಮಾಡುವವರ ಕೈಗೇ ಕೊಡಿ.

ಲಕ್ಷಣ: ರಿಸ್ಟೋರ್ ಶುರುವಾದ ಕೂಡಲೇ ಎರರ್

ನೋಡಿದರೆ ಭಯ ಹುಟ್ಟಿಸುತ್ತದೆ, ಆದರೆ ಹೆಚ್ಚಿನ ಸಲ ಡೇಟಾಕ್ಕೆ ಏನೂ ಆಗಿರುವುದಿಲ್ಲ. ಸಂದೇಶವನ್ನು ಪೂರ್ತಿ ಓದಿ.

ಮೊದಲ ಸಾಲಿನಲ್ಲೇ "ಅನ್‌ನೋನ್ ಕಮಾಂಡ್" ಎಂದು ಬ್ಯಾಕ್‌ಸ್ಲ್ಯಾಶ್ ತೋರಿಸಿದರೆ ಅದು ಮರಿಯಾಡಿಬಿಯ ಡಂಪ್. 2024ರ ಮೇ ತಿಂಗಳಿಂದ ಬಂದ ಆವೃತ್ತಿಗಳು ಭದ್ರತೆಗೆಂದು ಫೈಲಿನ ತಲೆಯಲ್ಲಿ "ಸ್ಯಾಂಡ್‌ಬಾಕ್ಸ್ ಮೋಡ್" ಎಂಬ ಸಾಲು ಹಾಕುತ್ತವೆ, ಮೈಎಸ್‌ಕ್ಯೂಎಲ್ ಮತ್ತು ಹಳೆಯ ಮರಿಯಾಡಿಬಿಗೆ ಅದು ಅರ್ಥವಾಗುವುದಿಲ್ಲ. ಪ್ರತಿಯಲ್ಲಿ ಆ ಒಂದು ಸಾಲು ತೆಗೆದರೆ ಮುಂದೆ ಹೋಗುತ್ತದೆ.

"ಅನ್‌ನೋನ್ ಕೊಲೇಷನ್" (ಕೊಲೇಷನ್ ಎಂದರೆ ಅಕ್ಷರಗಳನ್ನು ಹೋಲಿಸುವ, ಜೋಡಿಸುವ ಕ್ರಮ) ಎಂದು ಹೇಳಿ ಹೆಸರಿನಲ್ಲಿ 0900 ಇದ್ದರೆ, ಡಂಪ್ ತೆಗೆದದ್ದು ಮೈಎಸ್‌ಕ್ಯೂಎಲ್ 8ರಲ್ಲಿ, ಹಾಕುತ್ತಿರುವುದು 5.7ಕ್ಕೋ ಬೇರೆ ಹಳೆಯದಕ್ಕೋ. ಆವೃತ್ತಿ ಸರಿಹೊಂದಿಸಿ. "ಸರ್ವರ್ ಹ್ಯಾಸ್ ಗಾನ್ ಅವೇ" ಎಂದರೆ ಒಂದೇ ಸಾಲಿನಲ್ಲಿ ದೊಡ್ಡ ಚಿತ್ರವೋ ಸ್ಕ್ಯಾನ್ ಮಾಡಿದ ಕಾಗದವೋ ಇದ್ದು, ಮ್ಯಾಕ್ಸ್ ಅಲೋಡ್ ಪ್ಯಾಕೆಟ್ ಮಿತಿ ಸಾಲುತ್ತಿಲ್ಲ. ಅದನ್ನು 1 ಜಿಬಿವರೆಗೂ ಏರಿಸಬಹುದು.

ವಿಂಡೋಸ್ ಕಚೇರಿಗಳಲ್ಲಿ ನಾನು ಹೆಚ್ಚು ಕಂಡದ್ದು ಮತ್ತೊಂದು. "ಆಸ್ಕಿ ಸೊನ್ನೆ ಕಂಡುಬಂದಿದೆ, ಬೈನರಿ ಮೋಡ್ ಬೇಕು" ಎಂಬ ಅರ್ಥದ ತಪ್ಪು ಬರುತ್ತದೆ. ಯಾರೋ ಪವರ್‌ಶೆಲ್ ತೆರೆದು, ಡಂಪನ್ನು ಬಾಣದ ಗುರುತಿನಿಂದ ಫೈಲಿಗೆ ತಿರುಗಿಸಿದ್ದಾರೆ. ವಿಂಡೋಸ್ ಜೊತೆಗೇ ಬರುವ ಪವರ್‌ಶೆಲ್ 5.1 ಆ ಫೈಲನ್ನು ಯುಟಿಎಫ್-16 ಎಂಬ ಅಕ್ಷರ ವ್ಯವಸ್ಥೆಯಲ್ಲಿ ಬರೆಯುತ್ತದೆ. ಫೈಲನ್ನು ಯುಟಿಎಫ್-8ಕ್ಕೆ ಬದಲಿಸಿದರೆ ರಿಸ್ಟೋರ್ ಓಡುತ್ತದೆ, ಆದರೆ ಒಳಗಿನ ಕನ್ನಡ ಬರೆಯುವಾಗಲೇ ಕಲಸಿಹೋಗಿರುವ ಸಾಧ್ಯತೆ ಹೆಚ್ಚು. ಬಾಣ ಬಿಟ್ಟು "ರಿಸಲ್ಟ್-ಫೈಲ್" ಆಯ್ಕೆ ಬಳಸಿ ಹೊಸ ಡಂಪ್ ತೆಗೆಯಿರಿ.

ಲಕ್ಷಣ: ಹೆಸರುಗಳ ಜಾಗದಲ್ಲಿ ಬರೀ ಪ್ರಶ್ನಾರ್ಥಕ ಚಿಹ್ನೆ

ಇಂಗ್ಲಿಷಿನಲ್ಲೇ ಡೇಟಾ ಇಡುವವರು ಈ ತೊಂದರೆಯನ್ನು ನೋಡುವುದೇ ಇಲ್ಲ, ಕೈಪಿಡಿಗಳಲ್ಲೂ ಒಂದೆರಡು ಸಾಲಿನಲ್ಲಿ ಮುಗಿಸುತ್ತಾರೆ. ಕನ್ನಡದಲ್ಲಿ ಹೆಸರು, ಊರು, ಷರಾ ತುಂಬುವ ನಮಗೆ ಇದು ಎಲ್ಲಕ್ಕಿಂತ ದುಬಾರಿ. ಎಣಿಕೆ ಸರಿ ಇರುತ್ತದೆ, ಮೊತ್ತ ತಾಳೆಯಾಗುತ್ತದೆ, ರಿಸ್ಟೋರ್ ಒಂದೂ ತಪ್ಪಿಲ್ಲದೆ ಮುಗಿಯುತ್ತದೆ. ಪರದೆಯಲ್ಲಿ ಮಾತ್ರ ಯಾರ ಖಾತೆ ಯಾರದೋ ತಿಳಿಯುವುದಿಲ್ಲ.

"ಗಿರಿಜಮ್ಮ" ಎಂಬ ಹೆಸರನ್ನೇ ತೆಗೆದುಕೊಳ್ಳೋಣ. ನಮ್ಮ ಕಣ್ಣಿಗೆ ನಾಲ್ಕು ಅಕ್ಷರ. ಕಂಪ್ಯೂಟರಿನ ಎಣಿಕೆಯಲ್ಲಿ ಎಂಟು: ಗ, ಅದರ ಗುಡಿಸು, ರ, ಅದರ ಗುಡಿಸು, ಜ, ಮ, ಅರ್ಧಾಕ್ಷರದ ಗುರುತು, ಮತ್ತೊಂದು ಮ. ಯುಟಿಎಫ್-8ರಲ್ಲಿ ಕನ್ನಡದ ಪ್ರತಿಯೊಂದಕ್ಕೂ 3 ಬೈಟ್ ಬೇಕು, ಅಲ್ಲಿಗೆ 24 ಬೈಟ್. ಈ ಎರಡು ಸಂಖ್ಯೆ ಇಟ್ಟುಕೊಂಡರೆ ರೋಗ ಯಾವುದೆಂದು ಅರ್ಧ ನಿಮಿಷದಲ್ಲಿ ಹೇಳಬಹುದು. ಮೈಎಸ್‌ಕ್ಯೂಎಲ್‌ನಲ್ಲಿ "ಕ್ಯಾರ್ ಲೆಂಗ್ತ್" ಅಕ್ಷರ ಎಣಿಸುತ್ತದೆ, "ಲೆಂಗ್ತ್" ಬೈಟ್ ಎಣಿಸುತ್ತದೆ. ರಿಸ್ಟೋರ್ ಆದ ಟೇಬಲಿನಲ್ಲಿ ಆ ಒಂದು ಹೆಸರಿಗೆ ಎರಡನ್ನೂ ಕೇಳಿ.

8 ಮತ್ತು 24 ಬಂದರೆ ಡೇಟಾ ನೆಟ್ಟಗಿದೆ. ಪರದೆ ತೋರಿಸುವ ತಂತ್ರಾಂಶದ್ದೋ ಸಂಪರ್ಕದ ಅಕ್ಷರ ವ್ಯವಸ್ಥೆಯದ್ದೋ ತಪ್ಪು. ಅಲ್ಲಿ ಯುಟಿಎಫ್8ಎಂಬಿ4 ಎಂದು ಹಾಕಿದರೆ ಕನ್ನಡ ಮರಳುತ್ತದೆ.

24 ಅಕ್ಷರ, ಮತ್ತು ಬೈಟ್ 48ಕ್ಕೂ ಹತ್ತಿರ ಅಥವಾ ಮೇಲೆ ಬಂದರೆ, ಕನ್ನಡದ ಒಂದೊಂದು ಬೈಟನ್ನೂ ಒಂದೊಂದು ಲ್ಯಾಟಿನ್ ಅಕ್ಷರವೆಂದು ತಪ್ಪಾಗಿ ಓದಿ ಮತ್ತೆ ಯುಟಿಎಫ್-8 ಮಾಡಿದ್ದಾರೆ. ಪರದೆಯಲ್ಲಿ ತಲೆಗೆ ಗೀರು ಹಾಕಿದ ಯುರೋಪಿನ "ಎ" ಅಕ್ಷರ ಸಾಲುಸಾಲಾಗಿ ಕಾಣುತ್ತದೆ. ಇದು ಅಸಹ್ಯವಾಗಿ ಕಂಡರೂ ಸಾಮಾನ್ಯವಾಗಿ ವಾಸಿಯಾಗುವ ಕಾಯಿಲೆ. ಕಾಲಮ್ಮನ್ನು ಲ್ಯಾಟಿನ್1ಕ್ಕೆ ಇಳಿಸಿ, ಬೈನರಿ ಮಾಡಿ, ಅಲ್ಲಿಂದ ಯುಟಿಎಫ್8ಎಂಬಿ4ಕ್ಕೆ ಏರಿಸಿದರೆ ಮೂಲ ಸಿಗುತ್ತದೆ. ಮೊದಲು ಸೆಲೆಕ್ಟ್‌ನಲ್ಲಿ ಹತ್ತು ಹೆಸರು ನೋಡಿ, ಸರಿ ಎನಿಸಿದ ಮೇಲೆ ಅಪ್‌ಡೇಟ್ ಮಾಡಿ.

8 ಮತ್ತು 8 ಬಂದರೆ, ಅಲ್ಲಿರುವುದು ನಿಜವಾಗಿಯೂ ಎಂಟು ಪ್ರಶ್ನಾರ್ಥಕ ಚಿಹ್ನೆಗಳು. ಕನ್ನಡಕ್ಕೆ ಜಾಗವೇ ಇಲ್ಲದ ಅಕ್ಷರ ವ್ಯವಸ್ಥೆಯ ಮೂಲಕ ಡೇಟಾ ಹಾದುಹೋಗಿದೆ. ಆ ಫೈಲಿನಿಂದ ಹೆಸರನ್ನು ಮರಳಿ ಪಡೆಯುವ ದಾರಿ ಇಲ್ಲ. ಆದ್ದರಿಂದ ಮುಂದಿನ ಪ್ರಶ್ನೆ: ಕೆಟ್ಟದ್ದು ಡಂಪ್ ತೆಗೆಯುವಾಗಲೋ ರಿಸ್ಟೋರ್ ಮಾಡುವಾಗಲೋ? ಡಂಪ್ ಫೈಲನ್ನೇ ಯುಟಿಎಫ್-8 ಬಲ್ಲ ಎಡಿಟರಿನಲ್ಲಿ ತೆರೆಯಿರಿ. ಅಲ್ಲಿ ಕನ್ನಡ ಕಂಡರೆ ನಿಟ್ಟುಸಿರು ಬಿಡಬಹುದು, ಡಿಫಾಲ್ಟ್ ಅಕ್ಷರ ವ್ಯವಸ್ಥೆಯನ್ನು ಯುಟಿಎಫ್8ಎಂಬಿ4 ಎಂದು ಕೊಟ್ಟು ಮತ್ತೆ ರಿಸ್ಟೋರ್ ಮಾಡಿ. ಅಲ್ಲೂ ಪ್ರಶ್ನಾರ್ಥಕವೇ ಇದ್ದರೆ, ಮೂಲ ಸರ್ವರ್ ಇನ್ನೂ ಜೀವಂತವಾಗಿರುವಾಗಲೇ ಇದು ಗೊತ್ತಾಗಿದ್ದು ನಿಮ್ಮ ಪುಣ್ಯ. ಇವತ್ತೇ ಸರಿಯಾದ ಆಯ್ಕೆಯೊಂದಿಗೆ ಹೊಸ ಡಂಪ್ ತೆಗೆಯಿರಿ. ಆ ಸ್ಕ್ರಿಪ್ಟ್ ತೆಗೆದ ಹಳೆಯ ಡಂಪುಗಳ ಮೇಲೆ "ಹೆಸರಿಲ್ಲ" ಎಂದು ಗುರುತು ಹಾಕಿಡಿ, ಎಸೆಯಬೇಡಿ, ಅಂಕಿಗಳಾದರೂ ಅದರಲ್ಲಿವೆ.

ಒಂದು ಕಿವಿಮಾತು: ಮೈಎಸ್‌ಕ್ಯೂಎಲ್‌ನ ಹಳೆಯ "ಯುಟಿಎಫ್8" 3 ಬೈಟಿಗೆ ನಿಲ್ಲುತ್ತದೆ. ಕನ್ನಡ ಅದರಲ್ಲಿ ಹಿಡಿಯುತ್ತದೆ, ವಾಟ್ಸ್ಯಾಪಿನಿಂದ ನಕಲು ಮಾಡಿ ಅಂಟಿಸಿದ ಎಮೋಜಿ ಹಿಡಿಯುವುದಿಲ್ಲ, ಅದಕ್ಕೆ 4 ಬೇಕು. "ಕನ್ನಡ ಸರಿಯಾಗಿ ಬಂತಲ್ಲ" ಎಂದು ಪರೀಕ್ಷೆಯನ್ನು ಅಲ್ಲಿಗೇ ಬಿಡಬೇಡಿ.

ಲಕ್ಷಣ: ತಪ್ಪಿಲ್ಲದೆ ಮುಗಿಯಿತು, ಆದರೆ ಏನೋ ಕಡಿಮೆ ಇದೆ

ಪೋಸ್ಟ್‌ಗ್ರೆಸ್ಸಿನ ಪಿಎಸ್‌ಕ್ಯೂಎಲ್‌ಗೆ ಪಠ್ಯ ಡಂಪ್ ಉಣಿಸಿದರೆ ನಡುವೆ ತಪ್ಪು ಬಂದರೂ ಅದು ಮುಂದಕ್ಕೆ ಓಡುತ್ತಲೇ ಇರುತ್ತದೆ. ಸಾವಿರಾರು ಸಾಲು ಸರಸರ ಮೇಲೇರುವಾಗ ಒಂದು ಟೇಬಲ್ ಸೋತದ್ದು ಯಾರಿಗೂ ಕಾಣುವುದಿಲ್ಲ. "ಆನ್ ಎರರ್ ಸ್ಟಾಪ್" ಅನ್ನು 1 ಮಾಡಿ ಓಡಿಸಿ, ಪಿಜಿ_ರಿಸ್ಟೋರ್ ಆದರೆ "ಎಕ್ಸಿಟ್ ಆನ್ ಎರರ್" ಕೊಡಿ. ಹೊರಬಂದ ಸಂದೇಶಗಳನ್ನೆಲ್ಲ ಫೈಲಿಗೆ ಹಾಕಿ ಆಮೇಲೆ ಕೂತು ಓದಿ.

ಟೇಬಲುಗಳೆಲ್ಲ ಬಂದು ಲಾಗಿನ್ ಆಗುತ್ತಿಲ್ಲ ಎಂದರೆ ಬಳಕೆದಾರರು ಬಂದಿಲ್ಲ. ಪಿಜಿ_ಡಂಪ್ ಒಂದು ಡೇಟಾಬೇಸನ್ನು ಮಾತ್ರ ತೆಗೆಯುತ್ತದೆ, ಬಳಕೆದಾರರು ಮತ್ತು ಪಾಸ್‌ವರ್ಡುಗಳು ಅದರ ಹೊರಗಿರುತ್ತವೆ. ಪಿಜಿ_ಡಂಪ್‌ಆಲ್‌ಗೆ "ಗ್ಲೋಬಲ್ಸ್ ಓನ್ಲಿ" ಕೊಟ್ಟು ಅವನ್ನು ಪ್ರತ್ಯೇಕ ಇಡಬೇಕು. ಮೈಎಸ್‌ಕ್ಯೂಎಲ್‌ನಲ್ಲಿ ತಿಂಗಳ ಬಡ್ಡಿ ಲೆಕ್ಕ ಓಡುತ್ತಿಲ್ಲ, ರಾತ್ರಿಯ ಕೆಲಸ ಆಗುತ್ತಿಲ್ಲ ಎಂದರೆ "ರೂಟೀನ್ಸ್" ಮತ್ತು "ಈವೆಂಟ್ಸ್" ಆಯ್ಕೆ ಬಿಟ್ಟುಹೋಗಿವೆ. ಟ್ರಿಗರ್‌ಗಳು (ಟೇಬಲ್ ಬದಲಾದಾಗ ತಾನಾಗಿ ಓಡುವ ಆಜ್ಞೆಗಳು) ತಾವಾಗಿ ಬರುತ್ತವೆ, ಇವೆರಡು ಕೇಳಿದರೆ ಮಾತ್ರ.

ವೋಚರ್ ಇದೆ, ಅದಕ್ಕೆ ಸೇರಿದ ಸಾಲುಗಳಿಲ್ಲ ಎಂಬಂಥ ಹೊಂದಾಣಿಕೆ ತಪ್ಪಿದ ಡೇಟಾ ಕಂಡರೆ, ಡಂಪ್ ತೆಗೆಯುತ್ತಿದ್ದಾಗಲೇ ಜನ ಎಂಟ್ರಿ ಹಾಕುತ್ತಿದ್ದರು ಎಂದರ್ಥ. ಮೈಎಸ್‌ಕ್ಯೂಎಲ್‌ನ ಇನ್ನೋಡಿಬಿ ಬಗೆಯ ಟೇಬಲುಗಳಿಗೆ "ಸಿಂಗಲ್ ಟ್ರಾನ್ಸಾಕ್ಷನ್" ಕೊಟ್ಟರೆ ಒಂದೇ ಕ್ಷಣದ ಚಿತ್ರ ಸಿಗುತ್ತದೆ. ಮೈಐಸ್ಯಾಮ್ ಎಂಬ ಹಳೆಯ ಬಗೆಯ ಟೇಬಲುಗಳಿಗೆ ಆ ಭಾಗ್ಯವಿಲ್ಲ. ಓಡುತ್ತಿರುವ ಡೇಟಾ ಫೋಲ್ಡರನ್ನು ಹಾಗೇ ಕಾಪಿ ಪೇಸ್ಟ್ ಮಾಡಿದ "ಬ್ಯಾಕಪ್" ಇದ್ದರೆ ಅದನ್ನು ಬ್ಯಾಕಪ್ ಎಂದು ಲೆಕ್ಕ ಹಾಕಲೇಬೇಡಿ.

ಇಷ್ಟಾದ ಮೇಲೆ ಎಣಿಕೆ. ಮುಖ್ಯವಾದ ಐದಾರು ಟೇಬಲುಗಳ ಸಾಲಿನ ಸಂಖ್ಯೆ, ಒಟ್ಟು ಮೊತ್ತ, ಮತ್ತು ಎಲ್ಲಕ್ಕಿಂತ ಹೆಚ್ಚಾಗಿ ಕೊನೆಯ ಎಂಟ್ರಿಯ ತಾರೀಖು. ಮೂರನೆಯದೇ ಹಳಸಿದ ಬ್ಯಾಕಪ್ಪನ್ನು ಹಿಡಿದುಕೊಡುವುದು.

ಲಕ್ಷಣ: ಕಣ್ಣಿಗೆ ಕಾಣುವ ಸಾಲು ಹುಡುಕಿದರೆ ಸಿಗುವುದಿಲ್ಲ

ಪೋಸ್ಟ್‌ಗ್ರೆಸ್ಸಿನ ಡೇಟಾ ಫೋಲ್ಡರನ್ನೇ ಪೂರ್ತಿ ಪ್ರತಿ ಮಾಡಿ ಹೊಸ ಲಿನಕ್ಸ್ ಯಂತ್ರದಲ್ಲಿ ಎಬ್ಬಿಸಿದಾಗ ಕಾಣುವ ವಿಚಿತ್ರ ಇದು. ಪಟ್ಟಿಯಲ್ಲಿ ಹೆಸರು ಇದೆ, ಹುಡುಕಿದರೆ ಇಲ್ಲ ಎನ್ನುತ್ತದೆ, ಒಂದೇ ನಂಬರು ಎರಡು ಸಲ ಸೇರಿಕೊಳ್ಳುತ್ತದೆ. ಅಕ್ಷರಗಳ ಅನುಕ್ರಮವನ್ನು ಪೋಸ್ಟ್‌ಗ್ರೆಸ್ ಸಾಮಾನ್ಯವಾಗಿ ಲಿನಕ್ಸಿನ ಮೂಲ ಲೈಬ್ರರಿಯಾದ ಜಿಲಿಬ್‌ಸಿಯಿಂದ ಎರವಲು ಪಡೆಯುತ್ತದೆ. 2018ರಲ್ಲಿ ಬಂದ ಜಿಲಿಬ್‌ಸಿ 2.28 ಆ ಅನುಕ್ರಮವನ್ನೇ ಬದಲಿಸಿತು. ಹಳೆಯ ಕ್ರಮದಲ್ಲಿ ಕಟ್ಟಿದ ಇಂಡೆಕ್ಸನ್ನು (ಬೇಗ ಹುಡುಕಲೆಂದು ಇರುವ ಸೂಚಿ) ಹೊಸ ಕ್ರಮದಲ್ಲಿ ಹುಡುಕಿದರೆ ತಪ್ಪು ಗೂಡಿಗೆ ಕೈ ಹಾಕಿದಂತೆ. ಪಠ್ಯದ ಇಂಡೆಕ್ಸುಗಳನ್ನೆಲ್ಲ ರೀಇಂಡೆಕ್ಸ್ ಮಾಡಿ, ಆಮ್‌ಚೆಕ್ ವಿಸ್ತರಣೆಯಿಂದ ಪರೀಕ್ಷಿಸಿ. ಆದರೆ ಜನ ಆಗಲೇ ಅದರಲ್ಲಿ ಎಂಟ್ರಿ ಹಾಕಿದ್ದರೆ ನಿಲ್ಲಿಸಿ, ಎರಡು ಸಲ ಸೇರಿದ ಸಾಲುಗಳನ್ನು ಬಿಡಿಸಲು ತಿಳಿದವರು ಬೇಕು. ಪಿಜಿ_ಡಂಪ್‌ನಿಂದ ರಿಸ್ಟೋರ್ ಮಾಡಿದರೆ ಇಂಡೆಕ್ಸುಗಳು ಹೊಸದಾಗಿ ಕಟ್ಟಿಕೊಳ್ಳುವುದರಿಂದ ಈ ತೊಂದರೆ ಬರುವುದಿಲ್ಲ.

ಲಕ್ಷಣ: ನಿನ್ನೆ ರಾತ್ರಿವರೆಗಿನದು ಬಂತು, ಇವತ್ತಿನದು ಬರಲಿಲ್ಲ

ರಾತ್ರಿ ಡಂಪ್ ಒಂದೇ ಇದ್ದರೆ ಅದರ ಮಿತಿಯೇ ಅಷ್ಟು. ಇವತ್ತಿನ ಮಧ್ಯಾಹ್ನದವರೆಗಿನದು ಬೇಕೆಂದರೆ ಬದಲಾವಣೆಯ ಲಾಗುಗಳು ಬೇಕು: ಮೈಎಸ್‌ಕ್ಯೂಎಲ್‌ನಲ್ಲಿ ಬಿನ್‌ಲಾಗ್, ಪೋಸ್ಟ್‌ಗ್ರೆಸ್‌ನಲ್ಲಿ ವಾಲ್. "ಅವು ಆನ್ ಇವೆ" ಎನ್ನುವುದು ಸಾಲದು, ಸರ್ವರಿನ ಡಿಸ್ಕಿನಲ್ಲೇ ಇದ್ದರೆ ಡಿಸ್ಕಿನ ಜೊತೆ ಅವೂ ಹೋಗುತ್ತವೆ.

ವಾಲ್ ತುಂಡುಗಳು ಮಾಮೂಲಿಯಾಗಿ ತಲಾ 16 ಎಂಬಿ, ಸರಪಳಿಯ ಕೊಂಡಿಗಳಂತೆ. ನಡುವೆ ಒಂದು ಇಲ್ಲವಾದರೆ ಅದರ ಮುಂದಿನವು ಎಷ್ಟಿದ್ದರೂ ಪ್ರಯೋಜನವಿಲ್ಲ. ಆರ್ಕೈವ್ ಮಾಡುವ ಸ್ಕ್ರಿಪ್ಟ್ ನಕಲು ಸೋತಾಗಲೂ "ಆಯಿತು" ಎಂದು ಉತ್ತರಿಸಿದರೆ ಪೋಸ್ಟ್‌ಗ್ರೆಸ್ ಮೂಲ ತುಂಡನ್ನು ಮರುಬಳಕೆ ಮಾಡಿಬಿಡುತ್ತದೆ, ಸರಪಳಿ ಅಲ್ಲೇ ಕಡಿಯುತ್ತದೆ. ಹೇಳಿದ ಸಮಯ ಮುಟ್ಟುವ ಮೊದಲೇ ರಿಕವರಿ ಮುಗಿಯಿತು ಎಂದು ಪೋಸ್ಟ್‌ಗ್ರೆಸ್ 13 ಮತ್ತು ನಂತರದವು ನಿಂತುಬಿಟ್ಟರೆ ಹುಡುಕಬೇಕಾದ್ದು ಈ ಕಾಣೆಯಾದ ಕೊಂಡಿಯನ್ನು. ಹಳೆಯ ಟಿಪ್ಪಣಿ ನೋಡಿಕೊಂಡು "ರಿಕವರಿ ಡಾಟ್ ಕಾನ್ಫ್" ಫೈಲ್ ಇಟ್ಟರೆ ಆವೃತ್ತಿ 12ರಿಂದೀಚೆ ಸರ್ವರ್ ಏಳುವುದೇ ಇಲ್ಲ. ಈಗ "ರಿಕವರಿ ಡಾಟ್ ಸಿಗ್ನಲ್" ಎಂಬ ಖಾಲಿ ಫೈಲು ಇಟ್ಟು, ಉಳಿದದ್ದನ್ನು ಮುಖ್ಯ ಸಂರಚನಾ ಫೈಲಿನಲ್ಲಿ ಬರೆಯಬೇಕು.

ರೆಪ್ಲಿಕಾ, ಅಂದರೆ ಬದಲಾವಣೆಗಳನ್ನು ಕೂಡಲೇ ನಕಲು ಮಾಡಿಕೊಳ್ಳುವ ಎರಡನೇ ಸರ್ವರ್, ಇದೆಯಲ್ಲ ಎನ್ನುವವರಿಗೆ: ತಪ್ಪಾಗಿ ಓಡಿಸಿದ ಡಿಲೀಟ್ ಕಣ್ಣು ಮಿಟುಕಿಸುವುದರೊಳಗೆ ಅಲ್ಲಿಗೂ ಹೋಗಿರುತ್ತದೆ.

ಲಕ್ಷಣ: ರಿಸ್ಟೋರ್ ಮುಗಿಯುತ್ತಲೇ ಇಲ್ಲ

ಇದು ಕೆಟ್ಟ ಬ್ಯಾಕಪ್ ಅಲ್ಲದಿರಬಹುದು, ಅಳೆಯದ ಬ್ಯಾಕಪ್ ಹೌದು. ಗಿಟ್‌ಲ್ಯಾಬ್‌ಗೂ ನಿಧಾನದ ಡಿಸ್ಕಿನಿಂದ ನಕಲಾಗಲು ಗಂಟೆಗಟ್ಟಲೆ ಕಾಯಬೇಕಾಯಿತು, ಸೇವೆ ಸುಮಾರು 18 ಗಂಟೆ ನಿಂತಿತ್ತು. ಪೋಸ್ಟ್‌ಗ್ರೆಸ್ಸಿನ ಕಸ್ಟಮ್ ಅಥವಾ ಡೈರೆಕ್ಟರಿ ರೂಪದ ಡಂಪ್ ಇದ್ದರೆ "ಜಾಬ್ಸ್" ಆಯ್ಕೆಯಿಂದ ಹಲವು ಕೈಗಳಿಗೆ ಕೆಲಸ ಹಂಚಬಹುದು, ಪಠ್ಯ ಡಂಪಿಗೆ ಅದು ಆಗದು. ನಡುವೆ ನಿಲ್ಲಿಸುವ ಮುನ್ನ ಡಿಸ್ಕ್ ಓಡುತ್ತಿದೆಯೇ ನೋಡಿ, ಡೇಟಾ ಬಂದಮೇಲೆ ಇಂಡೆಕ್ಸ್ ಕಟ್ಟುವ ಹಂತ ಸದ್ದಿಲ್ಲದೆ ಬಹಳ ಹೊತ್ತು ತೆಗೆದುಕೊಳ್ಳುತ್ತದೆ.

ಲಕ್ಷಣ: ಬ್ಯಾಕಪ್ ಫೈಲೇ ತೆರೆಯುತ್ತಿಲ್ಲ, ಅಥವಾ ಅದೂ ಹೋಗಿದೆ

ಫೈಲಿಗೆ ಬೀಗ ನೀವೇ ಹಾಕಿದ್ದಾದರೆ ಕೀಲಿ ಎಲ್ಲಿದೆ? ಹೋದ ಸರ್ವರಿನೊಳಗೇ ಇತ್ತು ಎಂಬ ಉತ್ತರ ನಾನು ಎರಡು ಕಡೆ ಕೇಳಿದ್ದೇನೆ. ಕೀಲಿಯನ್ನು ಕಾಗದದಲ್ಲಿ ಮುದ್ರಿಸಿ, ಲಕೋಟೆಗೆ ಹಾಕಿ, ಕಚೇರಿಯ ತಿಜೋರಿಯಲ್ಲಿಡಿ.

ಬೀಗ ಬೇರೆಯವರು ಹಾಕಿದ್ದಾದರೆ, ಅಂದರೆ ಫೈಲ್ ಹೆಸರುಗಳ ಬಾಲ ಬದಲಾಗಿ ಹಣ ಕೇಳುವ ಚೀಟಿ ಕಂಡರೆ, ಏನನ್ನೂ ರಿಸ್ಟೋರ್ ಮಾಡಲು ಹೋಗಬೇಡಿ. ನೆಟ್ ಕೇಬಲ್ ಕಿತ್ತು, ಬ್ಯಾಕಪ್ ಡಿಸ್ಕನ್ನು ಯಾವ ಯಂತ್ರಕ್ಕೂ ಜೋಡಿಸದೆ ಪಕ್ಕಕ್ಕಿಡಿ. ಸೈಬರ್ ಅಪರಾಧ ನೋಡಿಕೊಳ್ಳುವ ಜಿಲ್ಲೆಯ ಸಿಇಎನ್ ಪೊಲೀಸ್ ಠಾಣೆಗೆ ದೂರು ಕೊಡಿ. ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದ ಪ್ರಕಾರ ಇಂಥ ಘಟನೆಯನ್ನು ತಿಳಿದ 6 ಗಂಟೆಯೊಳಗೆ ವರದಿ ಮಾಡಬೇಕು. ಅದೇ ವರ್ಷ ನವೆಂಬರ್ 23ರಂದು ದೆಹಲಿಯ ಏಮ್ಸ್ ಮೇಲೆ ದಾಳಿಯಾಗಿ ಸುಮಾರು ಎರಡು ವಾರ ಚೀಟಿ ಪೆನ್ನಿನಲ್ಲಿ ಕೆಲಸ ನಡೆಯಿತು. ಆಸ್ಪತ್ರೆಯ ಇ-ಹಾಸ್ಪಿಟಲ್ ತಂತ್ರಾಂಶದ ಡೇಟಾ ಮರಳಿದ್ದು ದಾಳಿಗೆ ಸಿಗದೆ ಉಳಿದಿದ್ದ ಒಂದು ಬ್ಯಾಕಪ್ ಸರ್ವರಿನಿಂದ.

ಬ್ಯಾಕಪ್ ಬೇರೆ ಕಟ್ಟಡದಲ್ಲೂ ಇರಬೇಕು ಎನ್ನುವುದಕ್ಕೆ ದಕ್ಷಿಣ ಕೊರಿಯಾದ ಡೇಜಿಯಾನ್ ನೋಡಿ. 2025ರ ಸೆಪ್ಟೆಂಬರ್ 26ರಂದು ಅಲ್ಲಿನ ಸರ್ಕಾರಿ ಡೇಟಾ ಕೇಂದ್ರಕ್ಕೆ ಬೆಂಕಿ ಬಿದ್ದು, ಹೊರಗೆ ಪ್ರತಿಯೇ ಇಲ್ಲದ 858 ಟೆರಾಬೈಟ್ ಜಿ-ಡ್ರೈವ್ (ಸರ್ಕಾರಿ ನೌಕರರ ಫೈಲುಗಳ ಭಂಡಾರ) ಸುಟ್ಟುಹೋಯಿತು.

ಪರೀಕ್ಷೆಯ ದಿನ

ಆ ಸಹಕಾರ ಸಂಘದಲ್ಲಿ ಈಗ ಪ್ರತಿ ತಿಂಗಳ ಎರಡನೇ ಶನಿವಾರ ಹಳೆಯ ಡೆಸ್ಕ್‌ಟಾಪೊಂದನ್ನು ಆನ್ ಮಾಡುತ್ತಾರೆ. ಹಿಂದಿನ ರಾತ್ರಿಯ ಫೈಲನ್ನು ಹೊರಗಿನ ಡಿಸ್ಕಿನಿಂದ ತಂದು, ಗೋಡೆಗೆ ಅಂಟಿಸಿದ ಒಂದು ಪುಟದ ಸೂಚನೆ ನೋಡಿಕೊಂಡು ರಿಸ್ಟೋರ್ ಮಾಡುವುದು ಕಿರಿಯ ಗುಮಾಸ್ತೆ. ಸ್ಕ್ರಿಪ್ಟ್ ಬರೆದ ನಾನು ಕೈ ಕಟ್ಟಿ ಕೂರುತ್ತೇನೆ, ಅವರು ಎಲ್ಲಿ ತಡವರಿಸುತ್ತಾರೋ ಅಲ್ಲಿ ಸೂಚನೆ ತಿದ್ದುತ್ತೇನೆ. ಒಂದು ನೋಟ್‌ಬುಕ್ಕಿನಲ್ಲಿ ಫೈಲಿನ ಹೆಸರು, ಸೈಜ್, ಶುರುವಾದ ಮತ್ತು ಮುಗಿದ ಹೊತ್ತು, ಕೊನೆಯ ಎಂಟ್ರಿಯ ತಾರೀಖು, ಮಾಡಿದವರ ಸಹಿ. ಆಮೇಲೆ ಕ್ಯಾಷಿಯರ್ ದಿನವಹಿ ಪುಸ್ತಕ ತಂದು ಶುಕ್ರವಾರದ ಆಖೈರು ಶಿಲ್ಕನ್ನು ಗಟ್ಟಿಯಾಗಿ ಓದುತ್ತಾರೆ, ಗುಮಾಸ್ತೆ ಪರದೆಯಲ್ಲಿರುವುದನ್ನು ಓದುತ್ತಾರೆ. ಮೊದಲ ಸಲ 3 ಗಂಟೆ 40 ನಿಮಿಷ ಹಿಡಿದಿತ್ತು. ಕಳೆದ ತಿಂಗಳು 55 ನಿಮಿಷ, ಶಿಲ್ಕು ಪೈಸೆ ಸಮೇತ ತಾಳೆಯಾಯಿತು.